ನೆರೆಮನೆಯ ಜಗಳ, ನಮ್ಮ ಮನೆಯ ಮಚ್ಚು

ನೆರೆಯವರು ಬಂದು ಮಚ್ಚು ಕೇಳಿದರೆ ಕೊಡುವುದು ನಮ್ಮ ಹಳ್ಳಿಗಳ ವಾಡಿಕೆ. ತೆಂಗಿನಕಾಯಿ ಕೆತ್ತಲೋ ಸೌದೆ ಸೀಳಲೋ ಬೇಕೆಂದರೆ ಎರಡು ಮಾತಿಲ್ಲದೆ ಕೊಡುತ್ತೇವೆ. ಆದರೆ ಆ ಮನೆಯಲ್ಲಿ ಅಣ್ಣತಮ್ಮಂದಿರು ಕೈಕೈ ಮಿಲಾಯಿಸುತ್ತಿರುವಾಗ ಅಣ್ಣನಾದವನು ಬಂದು ಮಚ್ಚು ಕೇಳಿದರೆ ಏನು ಮಾಡಬೇಕು? ಕೊಟ್ಟರೆ ತಮ್ಮನ ಮನೆಯವರ ಶಾಪ. ಕೊಡದಿದ್ದರೆ ಅವನು ಇನ್ನೊಬ್ಬರಿಂದ ತಂದುಕೊಳ್ಳುತ್ತಾನೆ. ಆಮೇಲೆ ನಮ್ಮ ಬುದ್ಧಿವಾದಕ್ಕೆ ಅಲ್ಲಿ ಬೆಲೆಯಿರದು. ಯುದ್ಧನಿರತವಾದ ಮಿತ್ರರಾಷ್ಟ್ರಕ್ಕೆ ಸೈನಿಕ ಸಹಾಯ ಕೊಡಬೇಕೆ, ಬೇಡವೆ ಎಂಬ ದೊಡ್ಡವರ ಚರ್ಚೆಯೂ ಮೂಲದಲ್ಲಿ ಇಷ್ಟೇ.

ಪ್ರಶ್ನೆ ಹೊಸದೇನೂ ಅಲ್ಲ. ಭಾರತದ ಉದ್ಯೋಗಪರ್ವವೆಲ್ಲ ಇದೇ ಮಾತು. ದುರ್ಯೋಧನನೂ ಅರ್ಜುನನೂ ಒಂದೇ ದಿನ ಕೃಷ್ಣನ ಬಾಗಿಲಿಗೆ ಸಹಾಯ ಕೇಳಲು ಹೋದರು. ಕೃಷ್ಣನು ಒಬ್ಬನಿಗೆ ತನ್ನ ಸೈನ್ಯವನ್ನೂ ಇನ್ನೊಬ್ಬನಿಗೆ ಆಯುಧ ಹಿಡಿಯದ ತನ್ನನ್ನೂ ಕೊಟ್ಟನು. ಬಲರಾಮನು ಯಾರ ಕಡೆಗೂ ಸೇರದೆ ತೀರ್ಥಯಾತ್ರೆಗೆ ಹೊರಟುಹೋದನು. ಸಹಾಯ ಮಾಡುವವರ ಮುಂದೆ ಇಂದಿಗೂ ಇರುವ ದಾರಿಗಳು ಇವೇ: ಸೈನ್ಯ ಕೊಡುವುದು, ಸಲಹೆ ಕೊಡುವುದು, ಇಲ್ಲವೆ ದೂರ ಸರಿಯುವುದು. ಮೂರರಲ್ಲಿ ಯಾವುದರಿಂದಲೂ ಕುರುಕ್ಷೇತ್ರ ತಪ್ಪಲಿಲ್ಲವೆಂಬುದನ್ನೂ ನೆನೆಯಬೇಕು.

ಮದರಾಸಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಚರ್ಚೆ ಬರಿಯ ಪುಸ್ತಕದ ವಿಷಯವಲ್ಲ. (ಊರು ಚೆನ್ನೈ ಆದುದು 1996ರಲ್ಲಿ, ನಮ್ಮ ಮನೆಗಳ ಹಿರಿಯರ ಬಾಯಲ್ಲಿ ಇನ್ನೂ ಮದರಾಸೇ.) ಶ್ರೀಲಂಕೆಗೆ ಭಾರತವು ಕೊಟ್ಟ ಸೈನಿಕ ಸಹಾಯದ ವಿಚಾರವಾಗಿ ಈ ಊರಿನ ಬೀದಿಗಳಲ್ಲಿ ಆದಷ್ಟು ವಾದ, ಆದಷ್ಟು ಕಣ್ಣೀರು ದೇಶದ ಬೇರೆಲ್ಲಿಯೂ ಆದುದಿಲ್ಲ. ಆ ಸಹಾಯದ ಎಳೆಗಳಲ್ಲಿ ಕೆಲವು ನಮ್ಮ ಬೆಂಗಳೂರಿನಿಂದ ಹೊರಟವು. ಎರಡು ಊರಿನ ಉಪ್ಪನ್ನೂ ಉಂಡವರು ನಾವು. ಕಾವೇರಿಯ ಮಾತು ಬಂದಾಗ ಬಾಯಿ ಬಿಗಿಹಿಡಿದು ಕೂರುವ ಅಭ್ಯಾಸ ನಮಗೆ ಹೇಗೋ ಬಂದುಬಿಟ್ಟಿದೆ. ಆ ಮೌನವನ್ನು ಈ ವಿಷಯಕ್ಕೂ ಎಳೆದು ತರುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

2012ರ ಜುಲೈ ತಿಂಗಳಲ್ಲಿ ನಡೆದುದನ್ನೇ ನೋಡೋಣ. ಶ್ರೀಲಂಕಾ ವಾಯುಪಡೆಯ ಒಂಬತ್ತು ಮಂದಿ ತಾಂಬರಂ ವಾಯುನೆಲೆಯಲ್ಲಿ ತರಬೇತಿ ಪಡೆಯುತ್ತಿರುವ ಸುದ್ದಿ ಹೊರಬಿದ್ದಿತು. ಯುದ್ಧ ಮುಗಿದು ಮೂರು ವರ್ಷವಾಗಿದ್ದರೂ ಗಾಯ ಆರಿರಲಿಲ್ಲ. ಮುಖ್ಯಮಂತ್ರಿ ಜಯಲಲಿತಾ ಖಂಡಿಸಿದರು. ಬೇರೆ ಪಕ್ಷಗಳೂ ದನಿಗೂಡಿಸಿದುವು. ಕೇಂದ್ರ ಸರಕಾರ ಅವರನ್ನು ತಾಂಬರಂನಿಂದ ತೆಗೆದು ಸುಮಾರು 350 ಕಿಲೋಮೀಟರ್ ಆಚೆಯ ಯಲಹಂಕಕ್ಕೆ ಕಳುಹಿಸಿತು. ಅವರನ್ನು ತಮ್ಮ ದೇಶಕ್ಕೇ ಕಳುಹಿಸಬೇಕು, ಬೆಂಗಳೂರಿಗಲ್ಲ ಎಂದು ಜಯಲಲಿತಾ ಮತ್ತೆ ಹೇಳಿದರು. ತರಬೇತಿ ಸರಿಯಾದುದಾದರೆ ತಾಂಬರಂನಲ್ಲೇ ಏಕೆ ನಡೆಯಬಾರದು? ತಪ್ಪಾದುದಾದರೆ ಯಲಹಂಕದಲ್ಲಿ ಅದು ಹೇಗೆ ಸರಿಯಾಯಿತು? ವಿಳಾಸ ಬದಲಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ. ಆ ವರ್ಷವೇ ಸೆಪ್ಟೆಂಬರಿನಲ್ಲಿ ಈ ಊರಿಗೆ ಕಾಲ್ಚೆಂಡಾಟಕ್ಕೆಂದು ಬಂದಿದ್ದ ಶ್ರೀಲಂಕೆಯ ಶಾಲಾ ಹುಡುಗರನ್ನೂ ಹಿಂದಕ್ಕೆ ಕಳುಹಿಸಲಾಯಿತು. ದೊಡ್ಡವರು ಬಿಡಿಸದ ಲೆಕ್ಕಕ್ಕೆ ಹುಡುಗರು ದಂಡ ತೆತ್ತರು.

ಈ ಕಥೆ ಎಲ್ಲಿಂದ ಮೊದಲಾಯಿತು? 1971ರ ಏಪ್ರಿಲಿನಲ್ಲಿ ಅಲ್ಲಿಯ ಸಿಂಹಳ ಯುವಕರು ಸರಕಾರದ ಮೇಲೆ ದಂಗೆಯೆದ್ದಾಗ ಸಿರಿಮಾವೋ ಬಂಡಾರನಾಯಕೆ ನೆರವು ಕೋರಿದರು. ಭಾರತ ಹೆಲಿಕಾಪ್ಟರುಗಳನ್ನೂ ಸೈನಿಕರನ್ನೂ ಕಳುಹಿಸಿತು. ಅದೇ ವರ್ಷ ಪೂರ್ವ ಬಂಗಾಳದಲ್ಲಿ ನಾವು ಸರಕಾರದ ವಿರುದ್ಧ ಎದ್ದ ಮುಕ್ತಿವಾಹಿನಿಗೆ ಆಯುಧ, ತರಬೇತಿ ಕೊಟ್ಟೆವು. ಒಂದೇ ವರ್ಷದಲ್ಲಿ ಒಂದು ಕಡೆ ಸರಕಾರಕ್ಕೆ, ಇನ್ನೊಂದು ಕಡೆ ದಂಗೆಯವರಿಗೆ! ಎರಡಕ್ಕೂ ಆಗ ಕಾರಣಗಳಿದ್ದುವು. 'ಸರಕಾರಕ್ಕೆ ಕೊಡುವುದೇ ಧರ್ಮ' ಎಂದಾಗಲಿ 'ನೊಂದವರಿಗೆ ಕೊಡುವುದೇ ಧರ್ಮ' ಎಂದಾಗಲಿ ಒಂದೇ ಸೂತ್ರ ಕಟ್ಟಿಡಲು ಬಾರದೆಂಬುದಕ್ಕೆ ಇದೊಂದೇ ಸಾಕು.

1983ರ ಜುಲೈನಲ್ಲಿ ಕೊಲಂಬೋ ಮೊದಲಾದೆಡೆ ತಮಿಳರ ಮೇಲೆ ನಡೆದ ಹತ್ಯಾಕಾಂಡದ ಬಳಿಕ ಭಾರತ ಇನ್ನೊಂದು ದಾರಿ ಹಿಡಿಯಿತು. ತಮಿಳು ಹೋರಾಟಗಾರರ ಹಲವು ಗುಂಪುಗಳಿಗೆ ಗುಟ್ಟಾಗಿ ತರಬೇತಿ, ಆಯುಧ ದೊರೆತುವು. 1987ರ ಜೂನ್ 4ರಂದು ಬೆಂಗಳೂರಿನಿಂದ ಹಾರಿದ ಐದು ಆಂಟನೋವ್ ವಿಮಾನಗಳು ಮುತ್ತಿಗೆಯಲ್ಲಿದ್ದ ಜಾಫ್ನದ ಮೇಲೆ ಆಹಾರ ಮತ್ತು ಔಷಧಿಗಳನ್ನು ಉದುರಿಸಿದುವು. ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆಯವರು ಒಪ್ಪಂದಕ್ಕೆ ರುಜು ಹಾಕಿದರು. ಭಾರತದ ಶಾಂತಿಪಾಲನಾ ಪಡೆ ದ್ವೀಪಕ್ಕೆ ಇಳಿಯಿತು. ಅಕ್ಟೋಬರ್ ವೇಳೆಗೆ, ಯಾರನ್ನು ಕಾಪಾಡಲು ಹೋಗಿದ್ದರೋ ಅವರ ಊರಲ್ಲಿ, ಹಿಂದೆ ನಮ್ಮಿಂದಲೇ ತರಬೇತಿ ಪಡೆದಿದ್ದ ಎಲ್‌ಟಿಟಿಇಯ ಮೇಲೆ ನಮ್ಮ ಸೈನಿಕರು ಯುದ್ಧ ಮಾಡಬೇಕಾಯಿತು. ನಮ್ಮ ಊರಿನ ಅಧಿಕಾರಿಗಳ ತರಬೇತಿ ಶಾಲೆಯಲ್ಲಿ ಪಳಗಿದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಆ ನವೆಂಬರ್ 25ರಂದು ಮಡಿದು ಪರಮವೀರ ಚಕ್ರ ಪಡೆದರು. ಒಟ್ಟು ಸುಮಾರು 1,200 ಭಾರತೀಯ ಯೋಧರು ಅಲ್ಲಿ ಪ್ರಾಣ ಕಳೆದುಕೊಂಡರು.

ಇಷ್ಟರಲ್ಲಿ ಅಲ್ಲಿಯ ಅಧ್ಯಕ್ಷ ಪ್ರೇಮದಾಸರು ಇನ್ನೊಂದು ವಿಚಿತ್ರ ನಡೆಸಿದರು. ಭಾರತದ ಪಡೆಯನ್ನು ಹೊರಗಟ್ಟುವ ಆತುರದಲ್ಲಿ 1989ರಲ್ಲಿ ಅವರ ಸರಕಾರವೇ ತನ್ನ ಶತ್ರುವಾದ ಎಲ್‌ಟಿಟಿಇಗೆ ಆಯುಧ ಒದಗಿಸಿತು. 1990ರ ಮಾರ್ಚ್ 24ರಂದು ನಮ್ಮ ಕೊನೆಯ ತುಕಡಿ ಹಿಂದಿರುಗಿತು. ಮದರಾಸು ಬಂದರಿನಲ್ಲಿ ಹಡಗಿನಿಂದಿಳಿದ ಯೋಧರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದ ಪಡೆಯೆಂಬುದು ಅವರ ನೋವು. ದೇಶದ ಆಜ್ಞೆಯಂತೆ ಹೋದವರಿಗೆ ಇದೇನು ಮರ್ಯಾದೆಯೆಂಬುದು ಸೈನಿಕರ ಮನೆಯವರ ನೋವು. ಅದೇ ಜೂನಿನಲ್ಲಿ ಪ್ರೇಮದಾಸರ ಸರಕಾರಕ್ಕೂ ಎಲ್‌ಟಿಟಿಇಗೂ ಮತ್ತೆ ಯುದ್ಧ ಹೊತ್ತಿತು. 1993ರ ಮೇ ದಿನದಂದು ಆ ಸಂಘಟನೆಯ ಬಾಂಬಿಗೇ ಅವರು ಬಲಿಯಾದರು.

ಕೊಟ್ಟ ಆಯುಧ ಕೊಟ್ಟಲ್ಲಿಯೇ ಉಳಿಯುವುದಿಲ್ಲ. ಹೊತ್ತಿಸಿದ ಜಗಳವೂ ಹಾಗೆಯೇ. ಇದನ್ನು ತಿಳಿಯಲು ನಾವು ಸಮುದ್ರ ದಾಟಬೇಕಾಗಿಲ್ಲ. ದೀಪಾವಳಿಗೆ ಸೀರೆ ಕೊಳ್ಳಲು ನಾವು ಹೋಗುವ ಪಾಂಡಿ ಬಜಾರಿನಲ್ಲಿ 1982ರ ಮೇ 19ರಂದೇ ಪ್ರಭಾಕರನ್ ಮತ್ತು ಉಮಾಮಹೇಶ್ವರನ್ ಗುಂಡು ಹಾರಿಸಿಕೊಂಡಿದ್ದರು. 1984ರ ಆಗಸ್ಟ್ 2ರಂದು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ, ಕೊಲಂಬೋಗೆ ಹೋಗಬೇಕಿದ್ದ ಬಾಂಬು ಇಲ್ಲೇ ಸಿಡಿದು ಸುಮಾರು ಮೂವತ್ತು ಮಂದಿ ಸತ್ತರು. 1990ರ ಜೂನ್ 19ರಂದು ಕೋಡಂಬಾಕ್ಕಂನ ಒಂದು ಮನೆಯಲ್ಲಿ ಪದ್ಮನಾಭ ಮತ್ತು ಸಂಗಡಿಗರ ಕೊಲೆಯಾಯಿತು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತರಾದರು. ಆ ಸಂಚಿನ ಮುಖ್ಯಸ್ಥ ಶಿವರಸನ್ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸತ್ತುಬಿದ್ದ. ಗುಟ್ಟಾಗಿ ನಡೆದ ತರಬೇತಿಯ ವಿಚಾರ ಸಂಸತ್ತಿನ ಮುಂದೆ ವಿವರವಾಗಿ ಬಂದುದು 1997ರಲ್ಲಿ, ಜೈನ್ ಆಯೋಗದ ಮಧ್ಯಂತರ ವರದಿಯ ಮೂಲಕ. ಅಷ್ಟು ಹೊತ್ತಿಗೆ ಎಲ್ಲವೂ ಆಗಿಹೋಗಿತ್ತು.

ಅನಂತರದ ಅಧ್ಯಾಯದಲ್ಲಿ ಭಾರತ ಸರಕಾರ ಕೊಲಂಬೋ ಸರಕಾರದ ಕಡೆಗೆ ವಾಲಿತು. 2000ದಲ್ಲಿ ನಮ್ಮ ನೌಕಾಪಡೆಯ 'ಸರಯೂ' ಹಡಗು ಶ್ರೀಲಂಕೆಯ ಪಾಲಾಗಿ 'ಸಯುರ'ವಾಯಿತು. ಬೆಂಗಳೂರಿನ ರಡಾರ್ ಸಂಶೋಧನಾಲಯದಲ್ಲಿ ರೂಪುಗೊಂಡ 'ಇಂದ್ರ' ರಡಾರುಗಳು ಅಲ್ಲಿಗೆ ಹೋದುವು. 2007ರ ಮೇ ಕೊನೆಯಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರ ಎಂ. ಕೆ. ನಾರಾಯಣನ್ ಇದೇ ಚೆನ್ನೈಯಲ್ಲಿ, ಶ್ರೀಲಂಕೆಯು ಚೀನಾ, ಪಾಕಿಸ್ತಾನಗಳ ಕಡೆ ಹೋಗದೆ ತನಗೆ ಬೇಕಾದುದನ್ನು ನಮ್ಮಿಂದ ಪಡೆಯಲಿ ಎಂಬರ್ಥದ ಮಾತಾಡಿದರು. 2008ರ ಸೆಪ್ಟೆಂಬರಿನಲ್ಲಿ ವವುನಿಯಾ ಸೈನಿಕ ನೆಲೆಯ ಮೇಲೆ ಎಲ್‌ಟಿಟಿಇ ದಾಳಿ ಮಾಡಿದಾಗ ಗಾಯಗೊಂಡವರಲ್ಲಿ ಇಬ್ಬರು ಭಾರತೀಯ ರಡಾರ್ ತಂತ್ರಜ್ಞರಿದ್ದರು. ನಮ್ಮವರು ಅಲ್ಲಿರುವುದು ಜನಕ್ಕೆ ಚೆನ್ನಾಗಿ ತಿಳಿದುದು ಅವರ ಗಾಯದಿಂದ!

ಊರು ಕುದಿಯಿತು. ಅಕ್ಟೋಬರ್ 14ರ ಸರ್ವಪಕ್ಷ ಸಭೆ, ಎರಡು ವಾರದೊಳಗೆ ಕದನವಿರಾಮವಾಗದಿದ್ದರೆ ತಮಿಳುನಾಡಿನ ಸಂಸದರು ರಾಜೀನಾಮೆ ಕೊಡುವರೆಂದಿತು. 24ರಂದು ಸುರಿವ ಮಳೆಯಲ್ಲಿ ಜನ ಕೈಕೈ ಹಿಡಿದು ಮಾನವ ಸರಪಳಿ ಕಟ್ಟಿದರು. 2009ರ ಜನವರಿ 29ರಂದು ಶಾಸ್ತ್ರಿ ಭವನದೆದುರು ಒಬ್ಬ ಯುವಕ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ ಸತ್ತ ಸಾಮಾನ್ಯ ಜನರ ಸಂಖ್ಯೆ 40,000ದವರೆಗೂ ಇದ್ದಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಶ್ರೀಲಂಕಾ ಸರಕಾರ ಅದನ್ನು ಒಪ್ಪಲಿಲ್ಲ.

ದೆಹಲಿಯ ವಾದವನ್ನೂ ನ್ಯಾಯವಾಗಿ ಕೇಳಬೇಕು. ನಮ್ಮ ಪ್ರಧಾನಿಯಾಗಿದ್ದವರನ್ನು ಕೊಂದ ಸಂಘಟನೆಯ ವಿರುದ್ಧ ನೆರೆರಾಷ್ಟ್ರ ಹೋರಾಡುವಾಗ ಕೈಕಟ್ಟಿ ಕೂರುವುದು ಹೇಗೆ? ನಾವು ಕೊಡದಿದ್ದರೆ ಚೀನಾ ಕೊಡುತ್ತದೆ, ಕೊಟ್ಟಿತು ಕೂಡ. ರಡಾರು ಆಕಾಶ ನೋಡುವ ಕಣ್ಣೇ ಹೊರತು ಕೊಲ್ಲುವ ಕೈಯಲ್ಲ. ಇದಾವುದೂ ಹುರುಳಿಲ್ಲದ ಮಾತಲ್ಲ. ಚೆನ್ನೈಯ ವಾದದಲ್ಲೂ ಅಷ್ಟೇ ಹುರುಳಿದೆ: ಮಿತ್ರರಾಷ್ಟ್ರವೆಂದರೆ ಅಲ್ಲಿಯ ಸರಕಾರ ಮಾತ್ರವೆ, ಅಲ್ಲಿಯ ಜನರಲ್ಲವೆ? ಕಣ್ಣು ಕೊಟ್ಟವನಿಗೆ, ಆ ಕಣ್ಣಿನ ನೆರವಿನಿಂದ ಕೈ ಏನು ಮಾಡಿತೆಂದು ಕೇಳುವ ಹೊಣೆಯಿಲ್ಲವೆ?

ಹಾಗೆಂದು ಯಾರಿಗೂ ಏನನ್ನೂ ಕೊಡಲೇಬಾರದೆಂದು ನಾವು ಹೇಳಲಾರೆವು. 1962ರಲ್ಲಿ ಚೀನಾ ಮೇಲೆ ಬಿದ್ದಾಗ ನೆಹರೂ ಅವರು ಕೆನೆಡಿಯವರಿಗೆ ಬರೆದು ನೆರವು ಬೇಡಿದರು. ಅಮೆರಿಕ, ಬ್ರಿಟನ್‌ಗಳಿಂದ ಶಸ್ತ್ರಾಸ್ತ್ರ ಬಂದುವು. ನಮ್ಮ ಅಜ್ಜಿಯಂದಿರ ಕಾಲದ ಹೆಣ್ಣುಮಕ್ಕಳು ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟ ದಿನಗಳವು. ಬೇಡುವ ಸರದಿ ನಮಗೂ ಬಂದಿತ್ತೆಂಬುದನ್ನು ಮರೆಯಬಾರದು. ಆ ನೆರವಿನ ಬೆನ್ನಿಗೇ ಕಾಶ್ಮೀರದ ವಿಚಾರವಾಗಿ ಪಾಕಿಸ್ತಾನದೊಡನೆ ಮಾತಾಡಿರೆಂಬ ಒತ್ತಾಯವೂ ಬಂದಿತು. ಇನ್ನೊಂದು ಕಡೆ, ಪಾಕಿಸ್ತಾನಕ್ಕೆ 1954ರಲ್ಲಿ ಆಯುಧ ಕೊಡಲು ಒಪ್ಪಿದಾಗ, ಅವನ್ನು ಭಾರತದ ಮೇಲೆ ಬಳಸಗೊಡುವುದಿಲ್ಲವೆಂದು ಐಸೆನ್‌ಹೋವರ್ ನೆಹರೂಗೆ ಭರವಸೆಯಿತ್ತಿದ್ದರು. 1965ರಲ್ಲಿ ಪಂಜಾಬಿನ ಹೊಲಗಳಿಗೆ ನುಗ್ಗಿದುವು ಅಮೆರಿಕದ ಪ್ಯಾಟನ್ ಟ್ಯಾಂಕುಗಳೇ. ನೋಡಿಕೊಳ್ಳುವವರಿಲ್ಲದ ಷರತ್ತು ಕಾಗದದ ಮೇಲಿನ ಸಕ್ಕರೆ.

ಆದುದರಿಂದ ಕೊಡುವ ಮುನ್ನ ಮೂರು ಮಾತು ಕೇಳಬೇಕೆಂದು ನಮ್ಮ ಎಣಿಕೆ. ಮೊದಲನೆಯದು: ಈ ಆಯುಧ ಗಡಿಯ ಹೊರಗಿನ ಶತ್ರುವಿನ ಕಡೆಗೋ, ಒಳಗಿನ ಪ್ರಜೆಗಳ ಕಡೆಗೋ? ಎರಡನೆಯದು: ದುರುಪಯೋಗವಾದರೆ ನಿಲ್ಲಿಸುತ್ತೇವೆಂಬ ಷರತ್ತುಂಟೆ, ಅದನ್ನು ನೋಡಿಕೊಳ್ಳುವವರಾರು? ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ನಮ್ಮ ಜನರಿಗೆ ಹೇಳಿ ಕೊಡುತ್ತಿದ್ದೇವೆಯೆ? ಅಮೆರಿಕದಲ್ಲಿ ದೊಡ್ಡ ಮೊತ್ತದ ಆಯುಧ ಮಾರಾಟವನ್ನು ಅಲ್ಲಿಯ ಕಾಂಗ್ರೆಸ್ಸಿಗೆ ಮೊದಲೇ ತಿಳಿಸಬೇಕೆಂದು 1976ರ ಕಾನೂನಿದೆ. ಅದರಿಂದ ಎಲ್ಲ ಅನರ್ಥ ತಪ್ಪಿತೆಂದಲ್ಲ. ಚರ್ಚೆಗೆ ಒಂದು ಚಾವಡಿಯಾದರೂ ದೊರೆಯಿತು. ನಮ್ಮಲ್ಲಿ ಸಂಸತ್ತಿನ ಒಪ್ಪಿಗೆ ಮೊದಲೇ ಪಡೆಯಬೇಕೆಂಬ ನಿಯಮವಿಲ್ಲ. 1983ರ ತರಬೇತಿಯಾಗಲಿ 2008ರ ರಡಾರುಗಳ ಜೊತೆ ಹೋದ ತಂತ್ರಜ್ಞರಾಗಲಿ, ತೆರೆದ ಚಾವಡಿಯಲ್ಲಿ ಮೊದಲು ವಾದವಾಗಿ ಆಮೇಲೆ ನಡೆದ ಕೆಲಸವಲ್ಲ. ಚಾವಡಿಯಲ್ಲಿ ಆಗದ ವಾದ ಬೀದಿಯಲ್ಲಿ ಆಗುತ್ತದೆ. ಬೀದಿಯಲ್ಲಿ ವಾದಕ್ಕಿಂತ ಬೆಂಕಿ ಬೇಗ ಹತ್ತುತ್ತದೆ.

ಇದು ಹಳೆಯ ಕಥೆಯೆಂದು ಮಡಿಸಿಡುವ ಹಾಗಿಲ್ಲ. 2024–25ರಲ್ಲಿ ಭಾರತ ಸುಮಾರು 23,600 ಕೋಟಿ ರೂಪಾಯಿಯ ರಕ್ಷಣಾ ಸಾಮಗ್ರಿಯನ್ನು ಹೊರದೇಶಗಳಿಗೆ ಕಳುಹಿಸಿತು. ಬೆಂಗಳೂರಿನಲ್ಲಿ ವಿಮಾನ, ರಡಾರು; ತುಮಕೂರು ಜಿಲ್ಲೆಯಲ್ಲಿ ಹೆಲಿಕಾಪ್ಟರು; ನಮ್ಮ ಪಕ್ಕದ ಆವಡಿಯಲ್ಲಿ ಟ್ಯಾಂಕು. ಈ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳು, ಅಳಿಯಂದಿರು, ಸೊಸೆಯರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಕೆಲಸ ಗೌರವದ ಕೆಲಸ. ಅವರು ಮಾಡಿದ ವಸ್ತು ಎಲ್ಲಿಗೆ ಹೋಗುತ್ತದೆ, ಯಾರ ಮುಂದೆ ನಿಲ್ಲುತ್ತದೆಂದು ಕೇಳುವುದು ಆ ಗೌರವಕ್ಕೆ ಕುಂದಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ನಮ್ಮಲ್ಲುಂಟು. ಆ ಕೂಸನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ; ಪುಳಲ್‌ನಲ್ಲಿ, ಗುಮ್ಮಿಡಿಪೂಂಡಿಯಲ್ಲಿ ಶ್ರೀಲಂಕೆಯಿಂದ ಬಂದ ತಮಿಳರ ಶಿಬಿರಗಳು ಇಂದಿಗೂ ಇವೆ. ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಮದುವೆಯಾದವರಿದ್ದಾರೆ. ಯಾರು ಯಾರಿಗೆ ಏನು ಕೊಟ್ಟರೆಂಬ ಲೆಕ್ಕದಲ್ಲಿ ಇವರ ಸಹಿ ಎಲ್ಲಿಯೂ ಇಲ್ಲ.

ತಮಿಳು ಬಲ್ಲ ಕನ್ನಡಿಗರು ನಾವು. ಇಲ್ಲಿಯ ನೋವನ್ನು ಅಲ್ಲಿಯವರಿಗೂ ಅಲ್ಲಿಯ ವಾದವನ್ನು ಇಲ್ಲಿಯವರಿಗೂ ಸಮಾಧಾನವಾಗಿ ಹೇಳಬಲ್ಲವರು. ವಾಚಕರು ಈ ವಿಷಯವನ್ನು ಮನೆಯಲ್ಲಿ ಮಕ್ಕಳೊಡನೆ ಮಾತಾಡಬೇಕೆಂದು ಕೋರುತ್ತೇವೆ. ನಮ್ಮ ಅಭಿಪ್ರಾಯಕ್ಕೆ ಒಪ್ಪದವರು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚುಮಾಡುತ್ತೇವೆ.