ಹದಿನೆಂಟರ ಹುಡುಗನಿಗೆ ಎಷ್ಟು ಬೆಲೆ?

ಶುಕ್ರವಾರ ಬಂತೆಂದರೆ ಫೋನನ್ನು ಮತ್ತೆ ಮತ್ತೆ ತೆರೆದು ನೋಡುವ ಒಂದು ಬಗೆಯ ಜನರಿದ್ದಾರೆ. ಸಿನಿಮಾ ಬಿಡುಗಡೆಗೆ ಕಾದವರಲ್ಲ, ಷೇರು ಕೊಂಡವರೂ ಅಲ್ಲ. ಅವರಿಗೆ ತಿಳಿಯಬೇಕಾದದ್ದು ಇಷ್ಟೇ: ಈ ಭೂಮಿಯ ಮೇಲೆ ಎಲ್ಲೂ ಇಲ್ಲದ, ಏಳಡಿ ಎತ್ತರದ ಒಬ್ಬ ಹುಡುಗನ ರೀಬೌಂಡ್ ಈ ವಾರ ಒಂದು ಮೆಟ್ಟಿಲು ಏರಿತೋ ಇಲ್ಲವೋ. ಏರಿದ್ದರೆ ಅದಕ್ಕೆ 'ಪಾಪ್' ಎಂದು ಹೆಸರು, ಆ ದಿನವೆಲ್ಲ ಖುಷಿ. ಇಲ್ಲದಿದ್ದರೆ ಇನ್ನೊಂದು ಶುಕ್ರವಾರದವರೆಗೆ ಕಾಯುವುದು.

ಆಟದ ಹೆಸರು ಬಜರ್‌ಬೀಟರ್. 2007ರಲ್ಲಿ ಅಂತರ್ಜಾಲಕ್ಕೆ ಬಂದ ಬ್ಯಾಸ್ಕೆಟ್‌ಬಾಲ್ ಮ್ಯಾನೇಜರ್ ಆಟ. ಇಲ್ಲಿ ಚೆಂಡನ್ನು ಯಾರೂ ಮುಟ್ಟುವುದಿಲ್ಲ. ಯಾರು ಆಡಬೇಕು, ಯಾವುದನ್ನು ಕಲಿಯಬೇಕು, ಯಾರನ್ನು ಕೊಳ್ಳಬೇಕು ಎಂದು ಬರೆದಿಟ್ಟು ಎದ್ದು ಹೋಗಬೇಕು. ಪಂದ್ಯವನ್ನು ಕಂಪ್ಯೂಟರ್ ಆಡಿ ಮುಗಿಸುತ್ತದೆ. ಲೀಗುಗಳು ದೇಶವಾರು, ಆದರೆ ಆಟಗಾರರ ಮಾರುಕಟ್ಟೆ ಇಡೀ ಜಗತ್ತಿಗೆ ಒಂದೇ. ಅಲ್ಲಿ ಹರಾಜಿಗೆ ನಿಂತ ಹದಿನೆಂಟರ ಹುಡುಗನ ಚೀಟಿಯಲ್ಲಿ ಇರುವುದು ಎತ್ತರ, ಸಂಬಳ, ಜಂಪ್ ಶಾಟ್‌ನಿಂದ ಬ್ಲಾಕಿಂಗ್‌ವರೆಗಿನ 10 ಮುಖ್ಯ ಕೌಶಲಗಳು, ಜೊತೆಗೆ ದಮ್ಮು ಮತ್ತು ಫ್ರೀ ಥ್ರೋ. ಪ್ರತಿ ಕೌಶಲಕ್ಕೂ ಅಂಕಿಯ ಜಾಗದಲ್ಲಿ ಒಂದು ವಿಶೇಷಣ. ತೀರಾ ಕೆಟ್ಟದ್ದರಿಂದ ಹಿಡಿದು 'ದಂತಕಥೆ'ಯವರೆಗೆ 20 ಮೆಟ್ಟಿಲು.

ಇವೆಲ್ಲ ಇವತ್ತಿನ ಮಾತು. ನಾಳೆಯ ಮಾತಿಗೆ ಬೇರೆಯೇ ಒಂದು ಸಾಲಿದೆ, ಅದರ ಹೆಸರು ಪೊಟೆನ್ಷಿಯಲ್. ಹುಡುಗ ಎಷ್ಟು ಎತ್ತರಕ್ಕೆ ಬೆಳೆಯಬಲ್ಲ ಎಂಬುದಕ್ಕೆ 12 ದರ್ಜೆಗಳು. ಮೇಲಿನ ತುದಿಯಲ್ಲಿ 'ಸಾರ್ವಕಾಲಿಕ ಶ್ರೇಷ್ಠ'. ಕೆಳಗಿನ ತುದಿಯ ದರ್ಜೆಗೆ ಇಟ್ಟ ಹೆಸರು ಕಂಡು ನಾನು ಮೊದಲ ಸಲ ಜೋರಾಗಿ ನಕ್ಕಿದ್ದೆ: 'ಅನೌನ್ಸರ್'. ಅಂದರೆ, ತಮ್ಮಾ, ನಿನಗೆ ಅಂಕಣ ಬೇಡ, ಮೈಕ್ ಹಿಡಿ. ಅದಕ್ಕಿಂತ ಒಂದು ಮೇಲಿನದು 'ಬೆಂಚು ಬಿಸಿ ಮಾಡುವವ'.

ನಮ್ಮ ದನದ ಜಾತ್ರೆಗಳಲ್ಲಿ ಹೋರಿ ಕೊಳ್ಳುವವರನ್ನು ನೋಡಿದವರಿಗೆ ಈ ವ್ಯಾಪಾರ ಹೊಸದೆನಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಆಮೇಲೆ ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಬಾಯಿಗೂಡಿದ ಎತ್ತಿಗೆ ಇವತ್ತಿನ ದುಡಿಮೆಯ ಬೆಲೆ, ಹಾಲುಹಲ್ಲಿನ ಕರುವಿಗೆ ಇನ್ನೂ ಹೂಡದ ನೊಗದ ಬೆಲೆ. ಕರು ಕೊಳ್ಳುವವನು ಮೇವು, ಕೊಟ್ಟಿಗೆ, ಪಳಗಿಸುವ ದಿನಗಳನ್ನೆಲ್ಲ ಮನಸ್ಸಿನಲ್ಲೇ ಕಳೆದು ಬೆರಳು ಒತ್ತುತ್ತಾನೆ. ಕ್ರೀಡೆಯ ಆಟಗಳಿಗೆ ಈ ಲೆಕ್ಕ ಬರಲು ಬಹಳ ಕಾಲ ಹಿಡಿಯಿತು.

ಏಕೆಂದರೆ ಶುರುವಿನ ಆಟಗಳಿಗೆ ನಾಳೆ ಎನ್ನುವುದೇ ಇರಲಿಲ್ಲ. ಅಮೆರಿಕದ ಹಾಲ್ ರಿಚ್‌ಮನ್ 1961ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಟ್-ಒ-ಮ್ಯಾಟಿಕ್ ಬೇಸ್‌ಬಾಲ್‌ನಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು, ಜೊತೆಗೆ ದಾಳ. ಕಾರ್ಡಿನಲ್ಲಿದ್ದದ್ದು ಅವನ ಹಿಂದಿನ ಋತುವಿನ ಸಾಧನೆ. ದಾಳ ಎಷ್ಟು ಸಲ ಉರುಳಿದರೂ ಅವನು ಆ ವರ್ಷದ ಮನುಷ್ಯನಾಗಿಯೇ ಉಳಿಯುತ್ತಿದ್ದ. 1982ರಲ್ಲಿ ಬ್ರಿಟನ್ನಿನ ಕೆವಿನ್ ಟಾಮ್ಸ್ 'ಫುಟ್‌ಬಾಲ್ ಮ್ಯಾನೇಜರ್' ಮಾಡಿ, ಮನೆಯ ಪುಟ್ಟ ಕಂಪ್ಯೂಟರಿನಲ್ಲಿ ಕೊಳ್ಳುವ ಮಾರುವ ರುಚಿ ಹತ್ತಿಸಿದರು.

ನಾಳೆಗೆ ಅಂಕಿ ಕೊಟ್ಟದ್ದು 'ಚಾಂಪಿಯನ್‌ಶಿಪ್ ಮ್ಯಾನೇಜರ್'. ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಇಂಗ್ಲಿಷ್ ಸೋದರರು ಮನೆಯಲ್ಲೇ ಕೂತು ಬರೆದ ಈ ಆಟ 1992ರಲ್ಲಿ ಹೊರಬಂತು. ಮುಂದೆ ಬೆಳೆದು ನಿಂತ ಆವೃತ್ತಿಗಳಲ್ಲಿ ಪ್ರತಿ ಆಟಗಾರನ ಬೆನ್ನಿಗೂ 200ರೊಳಗಿನ ಎರಡು ಗುಪ್ತ ಸಂಖ್ಯೆಗಳು: ಒಂದು ಇಂದಿನ ಸಾಮರ್ಥ್ಯ, ಇನ್ನೊಂದು ಮುಟ್ಟಬಲ್ಲ ಸಾಮರ್ಥ್ಯ. ಆಡುವವರಿಗೆ ಅವು ಕಾಣುತ್ತಿರಲಿಲ್ಲ. ಹುಡುಗ ವಜ್ರವೋ ಗಾಜೋ ಎಂದು ಊಹಿಸುವುದೇ ಅಲ್ಲಿನ ಮಜಾ. ಮಿಲ್‌ವಾಲ್ ಕ್ಲಬ್ಬಿನ ಚೆರ್ನೊ ಸಾಂಬಾ ಎಂಬ ಹದಿಹರೆಯದವನು 2001-02ರ ಆವೃತ್ತಿಯಲ್ಲಿ ಎಷ್ಟು ಗೋಲು ಹೊಡೆದನೆಂದರೆ, ಅವನ ಆಟವನ್ನು ಕಣ್ಣಾರೆ ಕಾಣದ ದೇಶಗಳಲ್ಲೂ ಅವನು ಮನೆಮಾತಾದ. ನಿಜದ ಸಾಂಬಾ ಗ್ಯಾಂಬಿಯಾ ದೇಶಕ್ಕೆ ಆಡಿದ, ಸ್ಪೇನ್, ಫಿನ್ಲೆಂಡುಗಳ ಕ್ಲಬ್ಬುಗಳಲ್ಲಿ ಆಡಿದ. ಕಂಪ್ಯೂಟರಿನ ಸಾಂಬಾನ ಹತ್ತಿರಕ್ಕೂ ಬರಲಿಲ್ಲ.

ಇನ್ನೊಂದು ಕವಲು ಸ್ವೀಡನ್ನಿನಲ್ಲಿ ಒಡೆಯಿತು. 1997ರಲ್ಲಿ ಬ್ಯೋರ್ನ್ ಹೋಲ್ಮೇರ್ ಶುರು ಮಾಡಿದ 'ಹ್ಯಾಟ್ರಿಕ್' ಅಂತರ್ಜಾಲದ ಫುಟ್‌ಬಾಲ್ ಆಟ. ಅದರ ಹೊಸತನ ವೇಗದಲ್ಲಿ, ಸರಿಯಾಗಿ ಹೇಳಬೇಕೆಂದರೆ ವೇಗವಿಲ್ಲದಿರುವುದರಲ್ಲಿ. ಮನೆಯ ಕಂಪ್ಯೂಟರಿನಲ್ಲಿ ಒಂದು ರಾತ್ರಿಗೆ ಮೂರು ಋತು ಓಡಿಸಬಹುದಿತ್ತು; ಇಲ್ಲಿ ಒಂದು ಋತು ಎಂದರೆ ಗೋಡೆಯ ಕ್ಯಾಲೆಂಡರಿನ 16 ವಾರ. ತರಬೇತಿ ವಾರಕ್ಕೊಮ್ಮೆ ಮಾತ್ರ. ಶ್ರೀಮಂತನಿಗೂ ಬಡವನಿಗೂ ವಾರಕ್ಕೆ ಏಳೇ ದಿನ. ಕೌಶಲಕ್ಕೆ ಅಂಕಿಯ ಬದಲು ವಿಶೇಷಣ ಕೊಡುವ ಚಾಳಿಯೂ ಅಲ್ಲಿಯದೇ. ಹ್ಯಾಟ್ರಿಕ್‌ನಲ್ಲಿ ಹದಿನೇಳರ ಹುಡುಗರನ್ನು ಕೊಂಡು, ಬೆಳೆಸಿ, ಮಾರಿಯೇ ಕ್ಲಬ್ಬು ಕಟ್ಟಿದವರು ಹುಟ್ಟಿಕೊಂಡರು.

ಬಜರ್‌ಬೀಟರ್ ಈ ಎರಡು ಕವಲುಗಳನ್ನೂ ಒಂದೇ ಪಾತ್ರಕ್ಕೆ ತಂದಿತು. ಹ್ಯಾಟ್ರಿಕ್‌ನ ನಿಧಾನ, ಕಾಲಿಯರ್ ಸೋದರರ ಮಿತಿ. ಆದರೆ ಮಿತಿಯನ್ನು ಮುಚ್ಚಿಡಲಿಲ್ಲ, ಎಲ್ಲರ ಕಣ್ಣೆದುರು ಬರೆದಿಟ್ಟಿತು. ನನ್ನ ಮಟ್ಟಿಗೆ ಇಡೀ ಆಟದ ಜಾಣತನ ಇಲ್ಲಿದೆ. ಹುಡುಗ ಎಲ್ಲಿಯವರೆಗೆ ಹೋಗುತ್ತಾನೆಂದು ಎಲ್ಲರಿಗೂ ಗೊತ್ತಿರುವಾಗ ಕಣಿ ಹೇಳುವವನಿಗೆ ಕೆಲಸವಿಲ್ಲ. ಅಲ್ಲಿಗೆ ಕರೆದೊಯ್ಯುವ ತಾಳ್ಮೆ ಯಾರಿಗಿದೆ ಎಂಬುದಷ್ಟೇ ಉಳಿಯುತ್ತದೆ.

ತಾಳ್ಮೆಯ ಅಳತೆ ಇಲ್ಲಿ ನಿಮಿಷ. ತರಬೇತಿಗೆ ಗೊತ್ತುಮಾಡಿದ ಸ್ಥಾನದಲ್ಲಿ ವಾರಕ್ಕೆ 48 ನಿಮಿಷ, ಅಂದರೆ ಒಂದು ಪೂರ್ತಿ ಪಂದ್ಯ ಆಡಿದವನಿಗೆ ಆ ವಾರದ ಕಲಿಕೆ ಪೂರ್ತಿ. ಎರಡು ಲೀಗ್ ಪಂದ್ಯಗಳ ಜೊತೆ ಒಂದು ಅಭ್ಯಾಸ ಪಂದ್ಯ ಸೇರಿದರೆ ಒಂದು ಸ್ಥಾನಕ್ಕೆ 144 ನಿಮಿಷ. ಮೂವರು ಹುಡುಗರಿಗೆ ಸರಿಯಾಗಿ ಸಾಕು, ನಾಲ್ಕನೆಯವನಿಗೆ ಇಲ್ಲ. ಎರಡು ಸ್ಥಾನಗಳಿಗೆ ತರಬೇತಿ ಹಂಚಿದರೆ ಆರು ಮಂದಿ ಕಲಿಯುತ್ತಾರೆ, ಆದರೆ ಎಲ್ಲರೂ ನಿಧಾನಕ್ಕೆ. ಹುಡುಗ ಬೇಗ ಬೇಗ ಫೌಲು ಮಾಡಿ ಹೊರಬಿದ್ದರೆ ಆ ವಾರದ ಲೆಕ್ಕ ಕೆಟ್ಟಂತೆ. ವಯಸ್ಸಾದಂತೆ ಕಲಿಕೆ ನಿಧಾನವಾಗುತ್ತದೆ, ಹಾಗಾಗಿ ಹದಿನೆಂಟರ ಒಂದು ವಾರ ಇಪ್ಪತ್ತನಾಲ್ಕರ ವಾರಕ್ಕಿಂತ ತುಟ್ಟಿ. ಒಳ್ಳೆಯ ದರ್ಜೆಯ ತರಬೇತುದಾರನಿದ್ದರೆ ವೇಗ ಹೆಚ್ಚುತ್ತದೆ, ಅವನ ಸಂಬಳವೂ ಏರುತ್ತಲೇ ಹೋಗುತ್ತದೆ. ಇಲ್ಲಿನ ಋತು 14 ವಾರ, ಆಟಗಾರನ ವಯಸ್ಸಿಗೆ ಅದೇ ಒಂದು ವರ್ಷ. ಹದಿನೆಂಟರವನನ್ನು ಇಪ್ಪತ್ತೆರಡಕ್ಕೆ ತರಲು 56 ವಾರ ಬೇಕು. ನಮ್ಮ ನಿಮ್ಮ ಬದುಕಿನ ಒಂದು ವರ್ಷಕ್ಕಿಂತ ಹೆಚ್ಚು.

ಎತ್ತರ ಇನ್ನೊಂದು ತೊಡಕು. ಉದ್ದನೆಯವನು ರೀಬೌಂಡ್, ಬುಟ್ಟಿಯ ಕೆಳಗಿನ ಶಾಟು, ಒಳಗಿನ ರಕ್ಷಣೆ ಇವನ್ನೆಲ್ಲ ಬೇಗ ಕಲಿಯುತ್ತಾನೆ. ಗಿಡ್ಡನೆಯವನಿಗೆ ಪಾಸು, ಡ್ರಿಬಲ್, ದೂರದ ಶಾಟು ಬೇಗ ಹತ್ತುತ್ತವೆ. ಹಾಗಾದರೆ ಏಳಡಿಯವನಿಗೆ ಒಳಗಿನ ವಿದ್ಯೆಯನ್ನೇ ತುಂಬಿದರಾಯಿತಲ್ಲ? ಹೊಸಬರೆಲ್ಲ ಹೀಗೆಯೇ ಎಡವುವುದು. ಇಲ್ಲಿ ಸಂಬಳವನ್ನು ಆಟವೇ ಋತುವಿನ ಆರಂಭದಲ್ಲಿ ಕೌಶಲ ನೋಡಿ ನಿಗದಿ ಮಾಡುತ್ತದೆ. ಒಂದೇ ಬಗೆಯ ವಿದ್ಯೆ ತುಂಬಿಕೊಂಡ ಸೆಂಟರ್, ಅಂದರೆ ಬುಟ್ಟಿಯ ಬಳಿ ಆಡುವ ಉದ್ದನೆಯವನು, ಅಂಕಣದಲ್ಲಿ ಮಾಡುವ ಕೆಲಸಕ್ಕಿಂತ ಹೆಚ್ಚು ಸಂಬಳ ತಿನ್ನುತ್ತಾನೆ. ಮೇಲಾಗಿ ಪೊಟೆನ್ಷಿಯಲ್ಲಿನ ಗಡಿ ಮುಟ್ಟಿದ ಮೇಲೆ ಕಲಿಕೆ ಇರುವೆಯ ನಡಿಗೆ. ಅಂಥವನನ್ನು 'ಕ್ಯಾಪ್ ಆದ' ಎನ್ನುತ್ತಾರೆ. ಗಡಿ ಮುಟ್ಟುವ ಮೊದಲು ಪಾಸಿಂಗು, ಹೊರಗಿನ ರಕ್ಷಣೆಗಳನ್ನೂ ಕಲಿತ ಉದ್ದನೆಯವನೇ ಮಾರುಕಟ್ಟೆಯಲ್ಲಿ ಬೆಲೆ ಬಾಳುವವನು. ಆದರೆ ಪಾಸಿಂಗ್ ಕಲಿಸಬೇಕಾದರೆ ಅವನನ್ನು ಪಾಯಿಂಟ್ ಗಾರ್ಡ್ ಜಾಗದಲ್ಲೇ ಆಡಿಸಬೇಕು. ಚೆಂಡು ಪುಟಿಸಲು ಬಾರದ ಏಳಡಿಯ ಆಸಾಮಿ ತಂಡ ನಡೆಸಲು ನಿಂತರೆ ಫಲಿತಾಂಶ ಏನೆಂದು ಹೇಳಬೇಕಿಲ್ಲ.

ಬೆಲೆ ಹೇಗೆ ಕಟ್ಟುತ್ತಾರೆ ಎಂಬುದಕ್ಕೆ ಇಲ್ಲಿಗೆ ಉತ್ತರ ಸಿಕ್ಕಂತಾಯಿತು. ಹುಡುಗನಲ್ಲಿ ಈಗಾಗಲೇ ಏನಿದೆ ಎಂದರೆ ಎಷ್ಟು ವಾರ ಉಳಿಯಿತು ಎಂದೇ ಅರ್ಥ. ಆಯಾ ಸ್ಥಾನಕ್ಕೆ ಮುಖ್ಯವಾದ ಕೌಶಲಗಳನ್ನು ಯಾರು ಬೇಕಾದರೂ ಸುಲಭವಾಗಿ ಏರಿಸಬಲ್ಲರು. ಸೆಂಟರ್‌ನಲ್ಲಿ ಹುಟ್ಟಿನಿಂದಲೇ ಒಂದಿಷ್ಟು ಪಾಸಿಂಗ್ ಇದ್ದರೆ ಸೋಲಬೇಕಾದ ಎಷ್ಟೋ ಪಂದ್ಯಗಳು ಉಳಿದವು. ಅನುಭವಿಗಳು ಬಿಡ್ ಏರಿಸುವುದು ಅದಕ್ಕೆ. ತನ್ನ ದೇಶದ 21ರೊಳಗಿನ ತಂಡಕ್ಕೆ ಹೋಗಬಲ್ಲವನಾದರೆ ದರ ಇನ್ನೂ ಮೇಲೆ. ಹೊಸಬರು ಮಾತ್ರ ಪೊಟೆನ್ಷಿಯಲ್ಲಿನ ದೊಡ್ಡ ಹೆಸರಿಗೆ ಮರುಳಾಗುತ್ತಾರೆ. ಸಣ್ಣ ತಂಡಕ್ಕೆ 'ಸಾರ್ವಕಾಲಿಕ ಶ್ರೇಷ್ಠ' ಎಂದರೆ ಬಾಡಿಗೆ ಮನೆಯಲ್ಲಿ ಆನೆ ಸಾಕಿದಂತೆ. ಅವನ ಗಡಿ ಮುಟ್ಟುವಷ್ಟು ವಾರಗಳೂ ಇರುವುದಿಲ್ಲ, ಆ ಹೊತ್ತಿನ ಸಂಬಳ ಕೊಡುವ ಶಕ್ತಿಯೂ ಇರುವುದಿಲ್ಲ.

ಅಮೆರಿಕದ ನಿಜವಾದ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಗಡಿಯನ್ನು ಯಾರೂ ಬರೆದಿಡುವುದಿಲ್ಲ. 1995ರಲ್ಲಿ ಮಿನ್ನೆಸೋಟ ತಂಡ ಕೆವಿನ್ ಗಾರ್ನೆಟ್‌ನನ್ನು ಹೈಸ್ಕೂಲಿನಿಂದ ನೇರವಾಗಿ ಆರಿಸಿಕೊಂಡಾಗ, ಅಂಥ ಆಯ್ಕೆ ನಡೆದು 20 ವರ್ಷವಾಗಿತ್ತು. ಅವನು ಗೆದ್ದ, ಬಾಗಿಲು ತೆರೆಯಿತು. 2001ರಲ್ಲಿ ಮೈಕೇಲ್ ಜೋರ್ಡನ್ ಉಸ್ತುವಾರಿಯ ವಾಷಿಂಗ್ಟನ್ ತಂಡ ಕ್ವಾಮೆ ಬ್ರೌನ್ ಎಂಬ ಹೈಸ್ಕೂಲು ಹುಡುಗನನ್ನು ಎಲ್ಲರಿಗಿಂತ ಮೊದಲು ಆರಿಸಿತು. ಬ್ರೌನ್ ವೃತ್ತಿಜೀವನದ ಸರಾಸರಿ ಪಂದ್ಯಕ್ಕೆ 6.6 ಅಂಕ. 2006ರಿಂದ, ಆರಿಸಿಕೊಳ್ಳುವ ವರ್ಷದೊಳಗೆ ಹುಡುಗನಿಗೆ 19 ತುಂಬಬೇಕೆಂಬ ನಿಯಮ ಬಂತು. ನಿಜದ ಲೀಗು ಹೈಸ್ಕೂಲಿನ ಬಾಗಿಲು ಮುಚ್ಚಿದ ಮರುವರ್ಷವೇ ಹದಿನೆಂಟು, ಹತ್ತೊಂಬತ್ತರವರನ್ನೇ ಡ್ರಾಫ್ಟಿಗೆ, ಅಂದರೆ ಹೊಸಬರ ಆಯ್ಕೆಗೆ, ನಿಲ್ಲಿಸುವ ಆಟ ಶುರುವಾದದ್ದು ತಮಾಷೆ. ನಿಯಮದ ನಂತರವೂ ಊಹೆ ತಪ್ಪುತ್ತಲೇ ಇತ್ತು. 2013ರಲ್ಲಿ ಗ್ರೀಸಿನ ಎರಡನೇ ದರ್ಜೆಯ ಲೀಗಿನಿಂದ ಬಂದ ಯಾನಿಸ್ ಆಂಟೆಟೊಕೂಂಪೊ 15ನೇ ಆಯ್ಕೆ, ಮೊದಲ ಋತುವಿನಲ್ಲಿ ಪಂದ್ಯಕ್ಕೆ 6.8 ಅಂಕ. 2019 ಮತ್ತು 2020ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ ಅವನೇ. ಬಜರ್‌ಬೀಟರ್‌ನಲ್ಲಾಗಿದ್ದರೆ ಅವನ ಚೀಟಿಯ ಒಂದೇ ಪದ ಓದಿ ಎಲ್ಲರೂ ಮುಗಿಬೀಳುತ್ತಿದ್ದರು.

ನನ್ನ ತಂಡದಲ್ಲೂ ಒಬ್ಬ ಉದ್ದನೆಯ ಹುಡುಗನಿದ್ದಾನೆ. ದೊಡ್ಡ ಹೆಸರಿನವನಲ್ಲ, ಮಧ್ಯಮ ದರ್ಜೆ. ಋತುವಿನ 22ನೇ ಪಂದ್ಯ ಗೆದ್ದರೆ ನಾವು ಅದೇ ಲೀಗಿನಲ್ಲಿ ಉಳಿಯುತ್ತಿದ್ದೆವು, ಅನುಭವಿ ಗಾರ್ಡ್ ಬೆಂಚಿನ ಮೇಲೆ ತಯಾರಿದ್ದ. ಹುಡುಗನಿಗೆ ಆ ವಾರ ಇನ್ನೂ 31 ನಿಮಿಷ ಬಾಕಿ ಇತ್ತು. ರಾತ್ರಿ ಹನ್ನೊಂದರವರೆಗೆ ಪಟ್ಟಿ ಬದಲಿಸುತ್ತಾ ಕೂತೆ. ಕೊನೆಗೆ ಅವನ ಹೆಸರನ್ನೇ ಪಾಯಿಂಟ್ ಗಾರ್ಡ್ ಜಾಗದಲ್ಲಿ ಬಿಟ್ಟು ಮಲಗಿದೆ. ಒಂಬತ್ತು ಸಲ ಚೆಂಡು ಕಳೆದುಕೊಂಡ. ತಂಡ ಕೆಳಗಿನ ಲೀಗಿಗೆ ಇಳಿಯಿತು. ಶುಕ್ರವಾರ ಪಾಪ್ ಬಂದಿರಲಿಲ್ಲ. ಈ ವಾರವೂ ಪಾಸಿಂಗನ್ನೇ ಹಾಕಿದ್ದೇನೆ.