ಫಾಲ್ಗುಣದ ಹೂಗಳೂ ಹಿತ್ತಿಲ ತೋಟವೂ

ಚೈತ್ರ-ವೈಶಾಖಗಳು ವಸಂತವೆಂದು ಪಂಚಾಂಗವು ಹೇಳುವದು. ಮಧು-ಮಾಧವಗಳೆಂಬುವು ಆ ಮಾಸಗಳ ಪ್ರಾಚೀನ ನಾಮಗಳು. ಆದರೆ ನಮ್ಮ ಸದಲಗಾ, ಚಿಕ್ಕೋಡಿಗಳ ಸೀಮೆಯಲ್ಲಿ ಋತುರಾಜನನ್ನು ಕಾಣಲು ಯುಗಾದಿಯ ವರೆಗೆ ಕಾಯಬೇಕಾಗಿಲ್ಲ. ಶಿಶಿರವು ಇನ್ನೂ ಮುಗಿಯದಿರುವಾಗಲೇ ಬದುವಿನ ಮುತ್ತಲ ಗಿಡವು ಎಲೆಗಳನ್ನೆಲ್ಲ ಕಳಚಿ, ಕೆಂಡವನ್ನು ಹೊತ್ತಂತೆ ನಿಲ್ಲುವದು. ಬೂರುಗ, ಹಾಲವಾಣಗಳ ರೀತಿಯೂ ಇದೇ. ಮುತ್ತಲಕ್ಕೆ ಸಂಸ್ಕೃತದಲ್ಲಿ ಕಿಂಶುಕವೆಂದು ಹೆಸರು; 'ಇದೇನು ಗಿಳಿಯೇ?' ಎಂದು ಅದನ್ನು ಬಿಡಿಸಿ ಹೇಳುವದುಂಟು. ಬಾಗಿದ ಆ ಎಸಳನ್ನು ಕಂಡವರಿಗೆ ಗಿಳಿಯ ಕೊಕ್ಕು ನೆನಪಾಗದೆ ಇರದು.

ನೀರಿಲ್ಲದ ಕಾಲದಲ್ಲಿ ಈ ವೈಭವವು ಎಲ್ಲಿಂದ ಬಂದಿತು? ಎಲೆಗಳಿಂದ ನೀರು ಸದಾ ಆವಿಯಾಗಿ ಹೋಗುತ್ತಿರುವದು. ಎಲೆ ಉದುರಿದೊಡನೆ ಆ ವೆಚ್ಚವು ನಿಂತು, ಕಾಂಡದಲ್ಲಿ ಉಳಿದ ನೀರು ಮೊಗ್ಗುಗಳ ಪಾಲಿಗೆ ಬರುವದು. ಬರಿಯ ಕೊಂಬೆಯ ಮೇಲಣ ಹೂವು ಮಕರಂದವನ್ನರಸುವ ಹಕ್ಕಿಗಳಿಗೆ ದೂರದಿಂದಲೇ ಕಾಣುವದು. ಮಿತವ್ಯಯವೇ ಈ ಗಿಡಗಳ ಐಶ್ವರ್ಯವು.

ಗೃಹಸ್ಥರು ತೋಟ ಮಾಡುವಾಗ ಈ ಪಾಠವನ್ನು ಮರೆಯಬಾರದು. ನಮ್ಮ ಸೀಮೆಯ ಹವೆಯು ಎಲ್ಲೆಡೆಗೂ ಒಂದೇ ಅಲ್ಲ. ಮುಂಗಾರು ಮೋಡಗಳು ಸಹ್ಯಾದ್ರಿಯಲ್ಲಿ ಬಹುಭಾಗವನ್ನು ಸುರಿಸಿ, ಪೂರ್ವಕ್ಕೆ ಬಂದಂತೆ ಬರಿದಾಗುವವು. ಆದ್ದರಿಂದ ನಿಪ್ಪಾಣಿಗಿಂತ ಅಥಣಿಯಲ್ಲಿ ಮಳೆ ಕಡಿಮೆ. ಸದಲಗಾ ಇವೆರಡರ ನಡುವೆ, ದೂಧಗಂಗೆಯ ನೆರೆಯಲ್ಲಿರುವದು. ನದಿಯ ನೀರು ದೊರೆಯುವದೆಂದು ಎರೆಭೂಮಿಗೆ ಅಳತೆಯಿಲ್ಲದೆ ಹಾಯಿಸಿದರೆ ಬೇರು ಕೊಳೆಯುವದು. ನೆಲದೊಳಗಣ ಲವಣವು ನೀರಿನೊಡನೆ ಮೇಲೆ ಬಂದು, ನೀರು ಆರಿದ ಮೇಲೆ ಅಲ್ಲಿಯೇ ಉಳಿಯುವದು. ಇದೇ ಸವಳು. ಕೃಷ್ಣಾತೀರದ ಎಷ್ಟೋ ಕಬ್ಬಿನ ಹೊಲಗಳನ್ನು ಕೆಡಿಸಿದ ಈ ಪಿಡುಗು ಹಿತ್ತಿಲನ್ನೂ ಬಿಡದು.

ಆದ್ದರಿಂದ ಋತುವನ್ನು ನೋಡಿ ಗಿಡವನ್ನಿಡಬೇಕು. ಸೇವಂತಿಗೆಯು ಹಗಲು ಕಿರಿದಾಗುವ ಚಳಿಗಾಲದ ಹೂವು. ಬಿಸಿಲೇರಿದ ಮೇಲೆ ಅದನ್ನು ನೀರೆರೆದು ಅರಳಿಸುವೆನೆಂಬುದು ವ್ಯರ್ಥ ಶ್ರಮ. ದುಂಡುಮಲ್ಲಿಗೆಗೆ ಮಾರ್ಗಶಿರ-ಪುಷ್ಯಗಳಲ್ಲಿ ನೀರು ಕಡಿಮೆ ಮಾಡಿ, ಟೊಂಗೆ ಸವರಿ, ಬಳಿಕ ಗೊಬ್ಬರವನ್ನೂ ನೀರನ್ನೂ ಕೊಟ್ಟರೆ ಬೇಸಿಗೆಯುದ್ದಕ್ಕೂ ಹೂವು ದೊರೆಯುವದು. ಬುಡಕ್ಕೆ ಕಬ್ಬಿನ ರವದಿಯನ್ನು ಹೊದಿಸಿದರೆ ಎರೆಮಣ್ಣು ಬಿರಿಯುವದು ತಗ್ಗಿ, ತೇವವು ನಿಲ್ಲುವದು. ಕಣಗಿಲೆಯು ಅಲ್ಪ ನೀರಿನಿಂದಲೇ ತೃಪ್ತಿಪಡುವದು. ಆದರೆ ಅದರ ಸರ್ವಾಂಗವೂ ವಿಷವಾದ ಕಾರಣ ಮಕ್ಕಳೂ ದನಕರುಗಳೂ ಅದನ್ನು ಬಾಯಿಗಿಡದಂತೆ ನೋಡಿಕೊಳ್ಳಬೇಕು. ಮಾವಿನ ಹೂವಿಗೆ ಚಳಿಯೂ ಒಣಹವೆಯೂ ಬೇಕು. ಹೂವಿನ ಕಾಲದಲ್ಲಿ ಮೋಡ ಕವಿದು ಅಕಾಲದ ಮಳೆ ಬಿದ್ದರೆ ರೋಗ ತಗಲಿ ಹೂವು ಉದುರುವದು.

ಈಗ ಹವೆಯೇ ಬದಲಾಗುತ್ತಿರುವ ಕಾಲ. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂವು ಅರಳಿದ ದಿನಗಳ ದಾಖಲೆಯು ಒಂಬತ್ತನೆಯ ಶತಮಾನದಿಂದ ದೊರೆಯುವದು. 2021ರಲ್ಲಿ ಅದು ಮಾರ್ಚ್ 26ರಂದೇ ತುಂಬಿ ಅರಳಿತು. ಸುಮಾರು 1,200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗನೆ ಅರಳಿದ್ದು ಅದೇ ಮೊದಲು. ಹಿಂದಿನವರು ಬರೆದಿಟ್ಟುದರಿಂದಲ್ಲವೇ ಇಂದಿನವರಿಗೆ ಈ ವ್ಯತ್ಯಾಸವು ತಿಳಿದದ್ದು?

ನಮ್ಮ ಮುತ್ತಲಕ್ಕೂ ಅಂಥ ಲೇಖಕರು ಬೇಕು. ಪ್ರತಿ ಮನೆಯಲ್ಲಿಯೂ ಗೋಡೆಗೆ ತೂಗುವ ಪಂಚಾಂಗವುಂಟು. ಊರ ಹೊರಗಣ ಒಂದೇ ಗಿಡವನ್ನು ಗೊತ್ತುಮಾಡಿಕೊಂಡು, ಅದರ ಮೊದಲ ಹೂವು ಕಂಡ ದಿನವನ್ನು ಮಕ್ಕಳ ಕೈಯಿಂದ ಅದರಲ್ಲಿ ಬರೆಯಿಸಿರಿ. ವರ್ಷ ಮುಗಿದ ಮೇಲೆ ಆ ಹಾಳೆಯನ್ನು ಬಿಸುಡದೆ ಕಾದಿಡಿರಿ. ಬರೆಯುವದಕ್ಕೆ ಗಿಡವು ಉಳಿದಿರಬೇಕಷ್ಟೇ; ಆದುದರಿಂದ ಬದುವಿನ ಮುತ್ತಲಕ್ಕೆ ಕೊಡಲಿ ಹಾಕುವ ಮುನ್ನ ಒಮ್ಮೆ ವಿಚಾರಿಸಿರಿ.