ನೆರೆಮನೆಯ ರೌಟರುಗಳ ಸಹಕಾರ

ನಾಸಿಕ್ ಮತ್ತು 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಛತ್ರಪತಿ ಸಂಭಾಜಿನಗರಗಳು ಮಹಾರಾಷ್ಟ್ರದ ಎರಡು ಪ್ರಮುಖ ಕೈಗಾರಿಕಾ ನಗರಗಳು. 1970ರ ದಶಕದಲ್ಲಿ ಸಿಡ್ಕೋ ಸಂಸ್ಥೆಯು ಕೈಗೊಂಡ ಯೋಜನೆಗಳಿಂದಾಗಿ ಈ ಎರಡೂ ನಗರಗಳಲ್ಲಿ ವಿಸ್ತಾರವಾದ ವಸತಿ ಬಡಾವಣೆಗಳು ರೂಪುಗೊಂಡವು. ಮನೆಗೆ ಮನೆ ತಾಗಿಕೊಂಡಿರುವ ಇಂತಹ ಬಡಾವಣೆಗಳಲ್ಲಿ ಒಂದು ಮನೆಯ ವೈ-ಫೈ ತರಂಗಗಳು ಗೋಡೆಯನ್ನು ದಾಟಿ ಹಲವು ಮನೆಗಳನ್ನು ತಲುಪುತ್ತವೆ. ಸಂಜೆಯ ವೇಳೆ ಎಲ್ಲರೂ ಏಕಕಾಲಕ್ಕೆ ಜಾಲವನ್ನು ಬಳಸತೊಡಗಿದಾಗ ವೇಗ ಕುಗ್ಗುತ್ತದೆ. ವಿದ್ಯಾರ್ಥಿಯ ಪಾಠ ನಡುವೆ ನಿಂತುಹೋಗುತ್ತದೆ. ಪರೀಕ್ಷೆಯ ಅರ್ಜಿ ಅರ್ಧಕ್ಕೇ ಉಳಿಯುತ್ತದೆ. ದೋಷವು ಸೇವೆ ಒದಗಿಸುವ ಸಂಸ್ಥೆಯದೆಂದು ಜನರು ಭಾವಿಸುವುದು ಸಹಜ. ಆದರೆ ಅನೇಕ ಸಂದರ್ಭಗಳಲ್ಲಿ ಅಡಚಣೆಯಿರುವುದು ಮನೆಗಳ ನಡುವಣ ಗಾಳಿಯಲ್ಲಿ. ಇದನ್ನು ನೆರೆಹೊರೆಯವರು ಪರಸ್ಪರ ಸಹಕಾರದಿಂದ ಬಹುಮಟ್ಟಿಗೆ ನಿವಾರಿಸಿಕೊಳ್ಳಬಹುದು.

ಎಲ್ಲರಿಗೂ ಸೇರಿದ ತರಂಗಗಳು

ಆಕಾಶವಾಣಿ ಕೇಂದ್ರಕ್ಕೆ ತನ್ನದೇ ಆದ ತರಂಗಾಂತರವಿರುತ್ತದೆ. ವೈ-ಫೈಗೆ ಅಂತಹ ವ್ಯವಸ್ಥೆಯಿಲ್ಲ. ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ವಲಯದ ಒಟ್ಟು 605 ಮೆಗಾಹರ್ಟ್ಸ್‌ಗೂ ಇದೇ ವಿನಾಯಿತಿ ದೊರೆಯಿತು. ಇವು ಊರಿನ ಗೋಮಾಳವಿದ್ದಂತೆ: ಎಲ್ಲರಿಗೂ ಹಕ್ಕಿದೆ, ಯಾರಿಗೂ ಒಡೆತನವಿಲ್ಲ. ಆದುದರಿಂದ ಒಬ್ಬರ ಬಳಕೆಯ ರೀತಿಯು ಉಳಿದವರ ಅನುಕೂಲವನ್ನು ನಿರ್ಧರಿಸುತ್ತದೆ.

ಅಡ್ಡಿ ಉಂಟಾಗುವ ಬಗೆ

2.4 ಗಿಗಾಹರ್ಟ್ಸ್ ವಲಯದಲ್ಲಿ 13 ಚಾನೆಲುಗಳಿವೆ. ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಕೇವಲ 5 ಮೆಗಾಹರ್ಟ್ಸ್. ಆದರೆ ಒಂದು ಪ್ರಸಾರಕ್ಕೆ ಸುಮಾರು 20 ಮೆಗಾಹರ್ಟ್ಸ್ ಅಗಲದ ಸ್ಥಳ ಬೇಕು. ಹೀಗಾಗಿ ಅಕ್ಕಪಕ್ಕದ ಚಾನೆಲುಗಳು ಒಂದರ ಮೇಲೊಂದು ಹರಡಿಕೊಳ್ಳುತ್ತವೆ. ಪರಸ್ಪರ ಸೋಂಕದಂತೆ ಬಳಸಬಹುದಾದವು ರೂಢಿಯಲ್ಲಿ 1, 6 ಮತ್ತು 11 ಎಂಬ ಮೂರು ಮಾತ್ರ.

ವೈ-ಫೈ ಸಾಧನವು ಪ್ರಸಾರಕ್ಕೆ ಮುನ್ನ ಆಲಿಸುತ್ತದೆ. ಬೇರೊಂದು ಸಾಧನದ ಪ್ರಸಾರ ನಡೆದಿದ್ದರೆ ಅದು ಮುಗಿಯುವವರೆಗೆ ಕಾಯುತ್ತದೆ. ಒಂದೇ ಚಾನೆಲಿನಲ್ಲಿರುವ ರೌಟರುಗಳು ಹೀಗೆ ಸರದಿಯನ್ನು ಪಾಲಿಸಬಲ್ಲವು. ಆದರೆ ಒಂದು ಮನೆಯವರು 1ನೆಯ ಚಾನೆಲನ್ನೂ ಪಕ್ಕದ ಮನೆಯವರು 3ನೆಯ ಚಾನೆಲನ್ನೂ ಬಳಸಿದಾಗ, ಒಂದರ ಸಂಕೇತವು ಇನ್ನೊಂದಕ್ಕೆ ಅರ್ಥವಾಗದ ಗದ್ದಲವಾಗಿ ಪರಿಣಮಿಸುತ್ತದೆ. ಸರದಿಯ ಕ್ರಮ ಕೆಡುತ್ತದೆ; ಹಾಳಾದ ಮಾಹಿತಿಯನ್ನು ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. ಆದ್ದರಿಂದ ನೆರೆಯವರ ಚಾನೆಲಿಗೆ ತುಸು ಪಕ್ಕದ ಚಾನೆಲನ್ನು ಆರಿಸುವುದಕ್ಕಿಂತ ಅದೇ ಚಾನೆಲನ್ನು ಹಂಚಿಕೊಳ್ಳುವುದು ಎಷ್ಟೋ ಮೇಲು ಎಂಬುದು ಗಮನಾರ್ಹ.

ನೆರೆಹೊರೆಯವರು ಮಾಡಬಹುದಾದುದು

ಒಂದು ಸಾಲಿನ ಅಥವಾ ಒಂದು ಮಹಡಿಯ ನಿವಾಸಿಗಳು ಒಂದೆಡೆ ಕುಳಿತು 1, 6, 11 ಚಾನೆಲುಗಳನ್ನು ಮನೆಗಳಿಗೆ ಅನುಕ್ರಮವಾಗಿ ಹಂಚಿಕೊಳ್ಳಬಹುದು. ಈ ವಲಯದಲ್ಲಿ ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಸೀಮಿತಗೊಳಿಸುವುದು ಯುಕ್ತ. 40 ಮೆಗಾಹರ್ಟ್ಸ್ ಬಳಸುವ ಒಂದೇ ಮನೆಯು ಲಭ್ಯವಿರುವ ಸ್ಥಳದ ಬಹುಭಾಗವನ್ನು ಆಕ್ರಮಿಸುತ್ತದೆ. 5 ಗಿಗಾಹರ್ಟ್ಸ್ ಸೌಲಭ್ಯವಿರುವ ಸಾಧನಗಳನ್ನು ಅಲ್ಲಿಗೆ ವರ್ಗಾಯಿಸಬೇಕು. ಆ ತರಂಗಗಳು ಗೋಡೆಗಳಲ್ಲಿ ಬೇಗನೆ ಕ್ಷೀಣಿಸುವುದರಿಂದ ನೆರೆಯವರಿಗೆ ತೊಂದರೆ ಕಡಿಮೆ. ಸ್ಥಿರವಾಗಿರುವ ದೂರದರ್ಶನ ಯಂತ್ರ, ಗಣಕಯಂತ್ರಗಳಿಗೆ ತಂತಿಯ ಸಂಪರ್ಕ ನೀಡಿದರೆ ಅಷ್ಟರಮಟ್ಟಿಗೆ ಗಾಳಿಯ ಹೊರೆ ಇಳಿಯುತ್ತದೆ.

ರೌಟರಿನ ಶಕ್ತಿಯನ್ನು ಗರಿಷ್ಠ ಮಟ್ಟದಲ್ಲಿಟ್ಟರೆ ವೇಗ ಹೆಚ್ಚುವುದೆಂಬ ನಂಬಿಕೆಯೂ ಸರಿಯಲ್ಲ. ರೌಟರಿನ ಸಂಕೇತ ದೂರಕ್ಕೆ ತಲುಪಿದರೂ ಕಿರಿದಾದ ಮೊಬೈಲಿನ ಉತ್ತರ ಅಷ್ಟು ದೂರದಿಂದ ಹಿಂದಿರುಗಲಾರದು. ನೆರೆಮನೆಯ ಸಾಧನಗಳು ಮಾತ್ರ ಅನಗತ್ಯವಾಗಿ ಕಾಯಬೇಕಾಗುತ್ತದೆ.

ಹೊಸ ಮಾನದಂಡಗಳು

ಈ ಹೊಂದಾಣಿಕೆಯನ್ನು ಯಂತ್ರಗಳೇ ಮಾಡಿಕೊಳ್ಳುವ ವಿಧಾನಗಳೂ ಬಂದಿವೆ. ವೈ-ಫೈ 6 ಎಂದು ಕರೆಯಲಾಗುವ ಮಾನದಂಡದಲ್ಲಿ ಪ್ರತಿಯೊಂದು ಜಾಲವೂ ತನ್ನ ಸಂಕೇತದಲ್ಲಿ 1ರಿಂದ 63ರವರೆಗಿನ ಒಂದು ಸಂಖ್ಯೆಯನ್ನು ಗುರುತಾಗಿ ಸೇರಿಸುತ್ತದೆ. ತಂತ್ರಜ್ಞರು ಇದನ್ನು ‘ಬಣ್ಣ’ವೆನ್ನುತ್ತಾರೆ. ಬೇರೆ ಬಣ್ಣದ ಸಂಕೇತ ಕ್ಷೀಣವಾಗಿ ಕೇಳಿಸಿದರೆ, ಅದು ನೆರೆಯ ಜಾಲದ್ದೆಂದು ತಿಳಿದು ರೌಟರು ಕಾಯದೆ ತನ್ನ ಕಾರ್ಯ ಮುಂದುವರಿಸಬಹುದು. ವೈ-ಫೈ 8ಕ್ಕಾಗಿ ಸಿದ್ಧಪಡಿಸಲಾಗುತ್ತಿರುವ ಮಾನದಂಡದಲ್ಲಿ ಹತ್ತಿರದ ರೌಟರುಗಳು ಪ್ರಸಾರದ ಕಾಲ ಮತ್ತು ಶಕ್ತಿಯ ಕುರಿತು ಪರಸ್ಪರ ಒಪ್ಪಂದಕ್ಕೆ ಬರುವ ವಿಧಾನಗಳು ಪ್ರಮುಖವಾಗಿವೆ.

ರೌಟರಿನಿಂದ ರೌಟರಿಗೆ

ಅಡ್ಡಿಯನ್ನು ತಪ್ಪಿಸುವುದು ಸಹಕಾರದ ಮೊದಲ ಹಂತ. ಪರಸ್ಪರರ ಮಾಹಿತಿಯನ್ನು ಸಾಗಿಸುವುದು ಎರಡನೆಯದು. ಬಲೆಯ ಗಂಟುಗಳಂತೆ ರೌಟರುಗಳು ಒಂದಕ್ಕೊಂದು ಸಂದೇಶವನ್ನು ದಾಟಿಸುವ ಈ ವ್ಯವಸ್ಥೆಗೆ ಮೆಶ್ ಜಾಲವೆಂದು ಹೆಸರು. ಒಂದು ಗಂಟು ಕೆಟ್ಟರೆ ಮಾಹಿತಿಯು ಬೇರೆ ದಾರಿ ಹಿಡಿಯುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಪ್ರದೇಶದಲ್ಲಿ ಜನಸ್ತು ಸಂಸ್ಥೆಯು ಇಂತಹ ಸಮುದಾಯ ಒಡೆತನದ ಜಾಲವನ್ನು ಬೆಳೆಸಿದೆ. ಹೊರಗಿನ ಅಂತರಜಾಲ ಇಲ್ಲದಿದ್ದಾಗಲೂ ಗ್ರಾಮಸ್ಥರ ಧ್ವನಿಮುದ್ರಣಗಳನ್ನು ಸ್ಥಳೀಯವಾಗಿ ಕೇಳಲು ಸಾಧ್ಯವಾಗುವುದು ಇಂತಹ ಜಾಲದ ವಿಶೇಷ. ಇದಕ್ಕೆ ಮಿತಿಯೂ ಉಂಟು: ಒಂದೇ ಚಾನೆಲಿನಲ್ಲಿ ಸಂದೇಶವನ್ನು ಪಡೆದು ಮತ್ತೆ ಕಳುಹಿಸಬೇಕಾದಾಗ ಆ ಹಂತದಲ್ಲಿ ವೇಗವು ಸುಮಾರು ಅರ್ಧಕ್ಕಿಳಿಯುತ್ತದೆ.

ಸಹಕಾರ ಮತ್ತು ಎಚ್ಚರ

ಚಾನೆಲನ್ನು ಹಂಚಿಕೊಳ್ಳುವುದೆಂದರೆ ಗುಪ್ತಪದವನ್ನು ಹಂಚಿಕೊಳ್ಳುವುದೆಂದಲ್ಲ. 2008ರ ಅಹಮದಾಬಾದ್ ಸ್ಫೋಟಗಳ ಸಂದರ್ಭದಲ್ಲಿ ಉಗ್ರರು ನವಿ ಮುಂಬಯಿಯ ಮನೆಯೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ ಬೆದರಿಕೆಯ ಇ-ಮೇಲ್ ಕಳುಹಿಸಿದರು. ಆ ಮನೆಯವರು ತನಿಖೆಯನ್ನು ಎದುರಿಸಬೇಕಾಯಿತು. 2009ರಲ್ಲಿ ದೂರಸಂಪರ್ಕ ಇಲಾಖೆಯು ಸುರಕ್ಷಿತ ಬಳಕೆಯ ಕುರಿತು ನಿರ್ದೇಶನಗಳನ್ನು ಹೊರಡಿಸಿತು. ಸಾರ್ವಜನಿಕರಿಗೆ ಸಂಪರ್ಕ ಒದಗಿಸಬಯಸುವ ಅಂಗಡಿಕಾರರಿಗಾಗಿ 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ‘ಪಿಎಂ-ವಾಣಿ’ ಯೋಜನೆಗೆ ಅನುಮೋದನೆ ನೀಡಿತು. ಇದರಡಿ ಸಣ್ಣ ಅಂಗಡಿಯವರು ಪರವಾನಗಿ ಮತ್ತು ಪರವಾನಗಿ ಶುಲ್ಕವಿಲ್ಲದೆ ವೈ-ಫೈ ಸೇವೆ ನೀಡಬಹುದು. ಬಳಕೆದಾರರ ಗುರುತನ್ನು ದೃಢಪಡಿಸುವ ಏರ್ಪಾಡೂ ಇದೆ.

ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಹಾಯಿಸುವ ಪದ್ಧತಿ ನಮ್ಮ ಗ್ರಾಮಗಳಿಗೆ ಹೊಸದೇನಲ್ಲ. ಕಣ್ಣಿಗೆ ಕಾಣದ ತರಂಗಗಳ ವಿಷಯದಲ್ಲಿಯೂ ಅದೇ ವಿವೇಕ ಸಲ್ಲುತ್ತದೆ. ಹೊಸ ಉಪಕರಣವನ್ನು ಕೊಳ್ಳುವ ಮುನ್ನ ನೆರೆಮನೆಯವರೊಡನೆ ಒಮ್ಮೆ ಮಾತನಾಡುವುದು ಖರ್ಚಿಲ್ಲದ ಪರಿಹಾರ.